ಲೋಪಸಂಧಿ

ಕನ್ನಡದಲ್ಲಿ ಸಂಧಿಗಳು ಮೂರು ಎಂಬುದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು: ಲೋಪ, ಆಗಮ, ಆದೇಶ. ಎರಡು ಅಕ್ಷರಗಳು ಎದುರುಬದುರಾದಾಗ ಒಂದು ಬಿದ್ದುಹೋಗಬಹುದು. ಇಲ್ಲದ್ದೊಂದು ನಡುವೆ ಬಂದು ಕುಳಿತುಕೊಳ್ಳಬಹುದು. ಇದ್ದದ್ದರ ಜಾಗಕ್ಕೆ ಬೇರೊಂದು ಬರಬಹುದು. ಇವುಗಳಲ್ಲಿ ಲೋಪದ ವಿಚಾರವಾಗಿ ನಮ್ಮ ವೈಯಾಕರಣರು ಒಂದು ಕರಾರು ಹಾಕಿದ್ದಾರೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಮಾಡಬಹುದು. 'ಊರು' ಎಂಬುದಕ್ಕೆ 'ಅಲ್ಲಿ' ಸೇರಿದರೆ 'ಊರಲ್ಲಿ'; ಉಕಾರ ಹೋಯಿತು, ಊರಿಗೆ ಏನೂ ಆಗಲಿಲ್ಲ. ಅದೇ 'ಗುರು'ವಿಗೆ 'ಅನ್ನು' ಸೇರಿಸಿ ಉಕಾರವನ್ನು ಕಿತ್ತರೆ 'ಗುರನ್ನು' ಎಂದಾಗಿ ಗುರುವೇ ಕೆಡುತ್ತಾನೆ. ಅಲ್ಲಿ ಲೋಪ ಕೂಡದು. ವಕಾರವನ್ನು ಕರೆಸಿ 'ಗುರುವನ್ನು' ಎನ್ನಬೇಕು. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಈ ಕರಾರನ್ನು ಹೇಳುತ್ತ ಬಂದಿದ್ದೇನೆ. ಅದರಲ್ಲಿ ಎಷ್ಟು ದಯೆಯಿದೆಯೆಂಬುದು ಹೊಳೆದದ್ದು ಮಾತ್ರ ಈಚೆಗೆ, ನಮ್ಮೂರಿನ ಹಾಲಿನ ಲೆಕ್ಕವನ್ನು ಕಂಪ್ಯೂಟರಿನ ಮುಂದೆ ಕುಳಿತು ನೋಡಿದಾಗ.

ನಮ್ಮೂರು ಹುತ್ತೂರು, ಕೋಲಾರ ತಾಲ್ಲೂಕಿನ ಒಂದು ಹೋಬಳಿ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಚಿನ್ನ, ರೇಷ್ಮೆ, ಹಾಲು ಎಂದು ಹಿಂದೆಲ್ಲ ಹೆಮ್ಮೆಯಿಂದ ಎಣಿಸುತ್ತಿದ್ದೆವು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ರೇಷ್ಮೆ ಒಂದು ವರ್ಷ ನಗುತ್ತದೆ, ಒಂದು ವರ್ಷ ಅಳುತ್ತದೆ. ಟೊಮೆಟೊ ಹಾಕಿದವನ ಪಾಡು ಇಸ್ಪೀಟಾಡುವವನ ಪಾಡು. ನೆಚ್ಚಿ ಬದುಕಬಹುದಾದದ್ದು ಹಸುವನ್ನು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೇರಿಗೆ ಹಾಲು ಹಾಕಿ ಚೀಟಿ ಈಸಿಕೊಂಡು ಬಂದರೆ ಮನೆ ನಡೆಯುತ್ತದೆ.

ನನ್ನ ಅಕ್ಕನ ಮಗ ಊರಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ಹಳೆಯ ಅಭ್ಯಾಸದಿಂದ 'ಬರೆಯುತ್ತಾನೆ' ಎಂದೆ, ಒತ್ತುತ್ತಾನೆ ಎನ್ನಬೇಕು. ಹಾಲು ಹಾಕುವವರು 140 ಜನ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಏಪ್ರಿಲ್ 1ರಿಂದ ಮಾರ್ಚ್ 31ರ ವರೆಗೆ ದಿನಕ್ಕೊಂದು ಕಾಲಂ. ಮೊದಲ ಮೂರು ಕಾಲಂಗಳಲ್ಲಿ ಕ್ರಮಸಂಖ್ಯೆ, ಹೆಸರು, ಸದಸ್ಯ ಸಂಖ್ಯೆ. ಬಲತುದಿಯಲ್ಲಿ ವರ್ಷದ ಮೊತ್ತ. ಇದಕ್ಕೆ ಅವನು ಹಿಡಿದಿರುವ ತಂತ್ರಾಂಶ ಲಿಬ್ರೆ ಆಫೀಸ್. ದುಡ್ಡು ಕೊಡಬೇಕಾಗಿಲ್ಲ, ಅದೇ ಅದರ ಮೊದಲನೆಯ ಗುಣ. ಎರಡನೆಯ ಗುಣ, ಯಾರ ಮನೆಯ ನಮೂನೆಯಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಎನ್ನುತ್ತದೆ. ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುವ ನಮ್ಮ ಕಡೆಯ ದಲ್ಲಾಳಿಯಂತೆ. ಮೂರನ್ನೂ ಆಡುತ್ತಾನೆ ನಿಜ. ಮೂರರಲ್ಲಿಯೂ ಒಂದೇ ಮಾತನ್ನು ಆಡುತ್ತಾನೆಯೇ ಎಂಬುದು ಬೇರೆ ಪ್ರಶ್ನೆ.

ವರ್ಷದ ಕೊನೆಯಲ್ಲಿ ಯಾರು ಎಷ್ಟು ಹಾಲು ಹಾಕಿದರೋ ಆ ಪ್ರಮಾಣದಲ್ಲಿ ಬೋನಸ್ ಹಂಚಬೇಕು. ಅದಕ್ಕಾಗಿ ಮೇಲಿನ ಒಂದು ಕಛೇರಿಯಿಂದ ಪತ್ರ ಬಂತು. ಪಟ್ಟಿಯನ್ನು 'ಎಕ್ಸೆಲ್ 97-2003' ನಮೂನೆಯಲ್ಲಿಯೇ ಕಳುಹಿಸತಕ್ಕದ್ದು. ಎಕ್ಸೆಲ್ ಎಂಬುದು ಮೈಕ್ರೋಸಾಫ್ಟಿನವರ ಲೆಕ್ಕದ ಹಾಳೆ. 1997ರಲ್ಲಿ ಅವರು ತಂದ ಈ ನಮೂನೆಯನ್ನು 2007ರಲ್ಲಿ ಅವರೇ ಹಿಂದಕ್ಕೆ ಸರಿಸಿ ಹೊಸದೊಂದನ್ನು ಮುಂದಿಟ್ಟರು. ಆದರೆ ಕಛೇರಿಗಳಲ್ಲಿ ಒಮ್ಮೆ ಹೊಕ್ಕ ನಮೂನೆ ಹೊರಟುಹೋಗುವುದುಂಟೆ? ಹುಡುಗ ಹೇಳಿದಂತೆಯೇ ಮಾಡಿದ. 'ಉಳಿಸು' ಎಂಬ ಗುಂಡಿಯನ್ನು ಒತ್ತಿದ. ಈ ಕ್ರಿಯಾಪದವನ್ನು ಕನ್ನಡಕ್ಕೆ ತಂದವರು ಒಳ್ಳೆಯ ಪದವನ್ನೇ ತಂದಿದ್ದಾರೆ. ಉಳಿಸು ಎಂದ ಮೇಲೆ ಉಳಿಯುತ್ತದೆ ಎಂದು ಯಾರಾದರೂ ನಂಬುತ್ತಾರೆ.

ನ್ಯಾಯವಾಗಿ ಹೇಳಬೇಕಾದರೆ, ತಂತ್ರಾಂಶ ಎಚ್ಚರಿಕೆ ಕೊಡದೆ ಇರಲಿಲ್ಲ. ಮೊದಲು ಒಂದು ಕಿಟಕಿ ಬಂತು: ಈ ನಮೂನೆಯಲ್ಲಿ ಎಲ್ಲವೂ ಉಳಿಯಲಾರದು, ನನ್ನ ಸ್ವಂತ ನಮೂನೆಯನ್ನೇ ಬಳಸುವುದು ಕ್ಷೇಮ. ಹುಡುಗನಿಗೆ ಆಯ್ಕೆ ಎಲ್ಲಿತ್ತು? ಕಛೇರಿಯ ಅಪ್ಪಣೆಯಾಗಿದೆ. ಒತ್ತಿದ. ಮತ್ತೊಂದು ಕಿಟಕಿ ಬಂತು: ಈ ನಮೂನೆ ಹಿಡಿಯುವುದಕ್ಕಿಂತ ಹೆಚ್ಚು ಕಾಲಂಗಳಿವೆ, ಹೆಚ್ಚಿನವನ್ನು ಉಳಿಸಿಲ್ಲ. ಅದು ಬಂದದ್ದು ಇಂಗ್ಲಿಷಿನಲ್ಲಿ, ಸಂಜೆಯ ಹಾಲಿನ ಸಾಲು ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿ. ಅದನ್ನೂ ಒತ್ತಿದ. ಪುರೋಹಿತರು ಸಂಕಲ್ಪ ಹೇಳುತ್ತ ನಡುನಡುವೆ "ಮಮ ಅನ್ನಿ" ಎಂದಾಗ ಯಜಮಾನ "ಮಮ" ಎನ್ನುವುದಿಲ್ಲವೇ, ಹಾಗೆ. ಏನನ್ನು ಒಪ್ಪಿಕೊಂಡೆವೆಂದು ಕೇಳುವ ಯಜಮಾನನನ್ನು ನಾನಂತೂ ಕಂಡಿಲ್ಲ.

ಹಳೆಯ ನಮೂನೆಗೆ ಇಳಿಸುವಾಗ ಮೂರು ಸಂಧಿಗಳೂ ನಡೆಯುತ್ತವೆ. ಆದೇಶ ಎಲ್ಲಕ್ಕಿಂತ ನಿರುಪದ್ರವಿ. ಆ ನಮೂನೆಯ ಒಂದು ಪುಸ್ತಕಕ್ಕೆ 56 ಬಣ್ಣಗಳು ಮಾತ್ರ. ನೀವು ಬಳಿದ ಎಳೆ ಹಸಿರು ಅದರಲ್ಲಿಲ್ಲದಿದ್ದರೆ ಪಕ್ಕದ ಹಸಿರು ಆ ಜಾಗಕ್ಕೆ ಬಂದು ಕೂರುತ್ತದೆ. ಕೂರಲಿ. ಆಗಮದ ಕಥೆ ತಮಾಷೆಯದು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ಹಾಳೆ 1900ನೆಯ ವರ್ಷಕ್ಕೆ ಫೆಬ್ರುವರಿ 29 ಎಂಬ ದಿನವನ್ನು ಕೊಟ್ಟಿತ್ತು. ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷಕ್ಕೆ ಅಂಥ ದಿನವಿಲ್ಲ. ಎಕ್ಸೆಲ್ಲಿನವರಿಗೆ ಇದು ತಿಳಿಯದೆ ಇರಲಿಲ್ಲ. ಲೋಟಸ್ಸಿನ ಗಿರಾಕಿಗಳ ಹಾಳೆಗಳು ತಮ್ಮಲ್ಲಿಯೂ ಸರಿಯಾಗಿ ಕೂರಬೇಕಲ್ಲ! ಆದ್ದರಿಂದ ತಪ್ಪನ್ನು ತಪ್ಪೆಂದು ತಿಳಿದೂ ಮನೆತುಂಬಿಸಿಕೊಂಡರು. ಇವತ್ತಿಗೂ ಎಕ್ಸೆಲ್ಲಿನಲ್ಲಿ ಆ ಹುಟ್ಟದ ದಿನ ಇದೆ. ಲಿಬ್ರೆ ಆಫೀಸಿನವರು ಎಣಿಕೆಯನ್ನು 1899ರ ಡಿಸೆಂಬರ್ 30ರಿಂದ ಹಿಡಿದು, 1900ರ ಮಾರ್ಚ್ 1ರಿಂದ ಈಚೆಗೆ ಇಬ್ಬರ ಲೆಕ್ಕವೂ ಒಂದಾಗುವಂತೆ ನೋಡಿಕೊಂಡರು. ಅಧಿಕಮಾಸ, ಕ್ಷಯತಿಥಿಗಳನ್ನು ಕಂಡ ನಮ್ಮ ಪಂಚಾಂಗದವರಿಗೆ ಇದನ್ನು ಹೇಳಿದರೆ, "ಇಷ್ಟೇ ತಾನೆ?" ಎಂದಾರು.

ಇನ್ನು ಕೆಲವು ತೊಂದರೆಗಳು ಗಲಾಟೆ ಮಾಡುವ ಜಾತಿಯವು. ನಮ್ಮ ಕಾಲೇಜಿನ ಮಕ್ಕಳು ಒಂದು ವರ್ಷ ಜಿಲ್ಲೆಯ ಶಾಸನಗಳ ಪಟ್ಟಿ ಮಾಡಿದರು. ಆಧಾರಕ್ಕೆ ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ, ಕೋಲಾರ ಜಿಲ್ಲೆಯದು. ಮಾಸ, ತಿಥಿ, ವಾರ ಸಿಕ್ಕಿದ ಕಡೆ ಇಂಗ್ಲಿಷ್ ತಾರೀಖನ್ನೂ ಹಾಕಿದರು. ಲಿಬ್ರೆ ಆಫೀಸ್ ಹನ್ನೊಂದನೆಯ ಶತಮಾನದ ತಾರೀಖನ್ನು ತಕರಾರಿಲ್ಲದೆ ತೆಗೆದುಕೊಂಡಿತು. ಹಳೆಯ ನಮೂನೆಗೆ ಇಳಿಸಿ ಎಕ್ಸೆಲ್ಲಿನಲ್ಲಿ ತೆರೆದರೆ ತಾರೀಖಿನ ಕಾಲಂ ಉದ್ದಕ್ಕೂ ಜಾಲಂಧ್ರದ ಗುರುತುಗಳು! ಎಕ್ಸೆಲ್ಲಿನ ಪ್ರಕಾರ ಕಾಲ ಆರಂಭವಾಗುವುದೇ 1900ರ ಜನವರಿ 1ರಂದು. ಚೋಳರು, ಗಂಗರು, ನೊಳಂಬರು ಎಲ್ಲರೂ ಕಾಲಪೂರ್ವದವರು. ಹಾಗೆಯೇ 2007ರ ಈಚೆಗೆ ಹುಟ್ಟಿದ ಸೂತ್ರವನ್ನು ಹಳೆಯ ಯಂತ್ರಕ್ಕೆ ಕಳುಹಿಸಿದರೆ, ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಅಂಚೆಯವನಂತೆ ಷರಾ ಬರೆದು ಹಿಂದಿರುಗಿಸುತ್ತದೆ. ಹಳೆಯ 'ನುಡಿ' ಅಕ್ಷರಗಳಲ್ಲಿ ಒತ್ತಿದ ಹೆಸರುಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕೊಂಬು ಬಾಲ ಮೂಡಿದ ರೋಮನ್ ಲಿಪಿಯಾಗಿ ಕುಣಿಯುವುದನ್ನು ಕನ್ನಡದಲ್ಲಿ ಕಂಪ್ಯೂಟರ್ ಮುಟ್ಟಿದವರೆಲ್ಲ ನೋಡಿದ್ದೇವೆ. ಅದರ ಪಾಪ ಈ ನಮೂನೆಯದಲ್ಲ; ಯೂನಿಕೋಡ್ ಕನ್ನಡವನ್ನು 1997ರ ನಮೂನೆ ಚೆನ್ನಾಗಿಯೇ ಹಿಡಿಯುತ್ತದೆ.

ಇವೆಲ್ಲ ನನಗೆ ಅಷ್ಟು ಭಯ ಹುಟ್ಟಿಸುವುದಿಲ್ಲ. ಕೆಟ್ಟದ್ದು ಕೆಟ್ಟಿದೆಯೆಂದು ಕೂಗಿಕೊಳ್ಳುತ್ತದೆ, ಯಾರಾದರೂ ಎದ್ದು ಬರುತ್ತಾರೆ. ಬಿಟ್ಟುಹೋದದ್ದಕ್ಕೆ ಕೂಗಲು ಬಾಯಿಯಿಲ್ಲ.

ಬಿಟ್ಟುಹೋಗುವುದು ಏಕೆ ಎಂಬುದನ್ನು ಹುಡುಗ ನನಗೆ ವಿವರಿಸಿದ. ಯಂತ್ರದ ಭಾಷೆಯಲ್ಲಿ ಅವನು ಹೇಳಿದ್ದು ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಛಂದಸ್ಸಿನಿಂದ ತುಂಬಿಕೊಂಡೆ. ಹಳೆಯ ನಮೂನೆಯಲ್ಲಿ ಕಾಲಂನ ಸಂಖ್ಯೆಯನ್ನು ಬರೆಯಲು ಎಂಟು ಮನೆಗಳು, ಸಾಲಿನ ಸಂಖ್ಯೆಗೆ ಹದಿನಾರು ಮನೆಗಳು. ಒಂದೊಂದು ಮನೆಯಲ್ಲಿಯೂ ಸೊನ್ನೆ ಇಲ್ಲವೇ ಒಂದು. ನಮ್ಮ ಲಘು ಗುರುಗಳಲ್ಲದೆ ಮತ್ತೇನು? ಎಂಟಕ್ಷರದ ಪಾದಕ್ಕೆ ಲಘು ಗುರುಗಳ ಪ್ರಸ್ತಾರ ಹಾಕಿದರೆ 256 ವೃತ್ತಗಳು ಬರುತ್ತವೆ. ಅದು ಅನುಷ್ಟುಪ್ ಛಂದಸ್ಸು. ಹದಿನಾರು ಅಕ್ಷರದ ಅಷ್ಟಿಯಲ್ಲಿ 65,536. ಅಷ್ಟೇ ಕಾಲಂಗಳು, ಅಷ್ಟೇ ಸಾಲುಗಳು! 2007ರ ಹೊಸ ನಮೂನೆಯಲ್ಲಿ ಕಾಲಂ 16,384, ಸಾಲು 10,48,576. ಅಂದರೆ ಶಕ್ವರಿ ಮತ್ತು ಕೃತಿ. ವಸಂತತಿಲಕ ಹದಿನಾಲ್ಕಕ್ಷರದ ಶಕ್ವರಿಗೂ, ಮತ್ತೇಭವಿಕ್ರೀಡಿತ ಇಪ್ಪತ್ತಕ್ಷರದ ಕೃತಿಗೂ ಸೇರಿದ ವೃತ್ತಗಳು. ನಾಗವರ್ಮನ ಛಂದೋಂಬುಧಿ ಪಾಠ ಮಾಡುವಾಗ "ಸಾರ್, ಇದರಿಂದ ಏನು ಪ್ರಯೋಜನ?" ಎಂದು ಹಿಂದಿನ ಬೆಂಚಿನಿಂದ ಕೇಳುವವರಿಗೆ ಕೊಡಲು ಈಗ ನನ್ನಲ್ಲಿ ಒಂದು ಉತ್ತರವಿದೆ. ಮತ್ತೇಭವನ್ನು ತಂದು ಅನುಷ್ಟುಪ್ಪಿನ ಕೊಟ್ಟಿಗೆಯಲ್ಲಿ ಕಟ್ಟುತ್ತೇನೆಂದರೆ ಆನೆಯ ಮುಕ್ಕಾಲು ಭಾಗ ಹೊರಗೇ ಉಳಿಯುತ್ತದೆ.

ಹೀಗೆ ಹೊರಗುಳಿದದ್ದರಿಂದ ದೊಡ್ಡ ದೇಶಗಳೂ ಪೆಟ್ಟು ತಿಂದಿವೆ. 2020ರಲ್ಲಿ, ಕೋವಿಡ್ ಹಬ್ಬಿದ್ದಾಗ, ಇಂಗ್ಲೆಂಡಿನ ಪ್ರಯೋಗಾಲಯಗಳು ಕಳುಹಿಸುತ್ತಿದ್ದ ಪರೀಕ್ಷೆಯ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಈ ಹಳೆಯ ನಮೂನೆಯ ಹಾಳೆಗಳಿಗೆ ತುಂಬುತ್ತಿತ್ತು. ಒಬ್ಬೊಬ್ಬ ರೋಗಿಗೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ 65,536 ಬೇಗನೆ ಮುಗಿಯಿತು. ಆಮೇಲಿನವರು ಹಾಳೆಯ ಕೆಳಗೆ ಬಿದ್ದುಹೋದರು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗೆ 15,841 ಜನ ಸೋಂಕಿತರು ದಿನದಿನದ ಲೆಕ್ಕದಲ್ಲಿ ಸೇರಲಿಲ್ಲ. ರೋಗವಿದೆಯೆಂದು ಅವರಿಗೆ ಹೇಳಿತ್ತು. ಅವರ ಒಡನಾಟದಲ್ಲಿದ್ದವರನ್ನು ಹುಡುಕಬೇಕಾದವರಿಗೆ ಮಾತ್ರ ಸುದ್ದಿ ಹೊತ್ತಿಗೆ ಮುಟ್ಟಲಿಲ್ಲ. ಆ ವಾರದ ಅಂಕಿಗಳು ನೋಡುವವರಿಗೆ ಸಮಾಧಾನವನ್ನೇ ತಂದಿರಬೇಕು. ಲೋಪವಾದ ಲೆಕ್ಕ ಯಾವಾಗಲೂ ಅಚ್ಚುಕಟ್ಟಾಗಿ ಕಾಣುತ್ತದೆ.

ಅಲ್ಲಿ ಹಾಳೆ ಕೆಳಗೆ ತುಂಡಾಯಿತು; ಹುತ್ತೂರಿನಲ್ಲಿ ತುಂಡಾದದ್ದು ಬಲಕ್ಕೆ. 256 ಕಾಲಂಗಳಲ್ಲಿ ಮೊದಲ ಮೂರು ಹೆಸರು ವಿಳಾಸಕ್ಕೆ ಹೋದವು. ಉಳಿದವು 253. ಏಪ್ರಿಲ್ 1ರಿಂದ ಎಣಿಸಿದರೆ ಡಿಸೆಂಬರ್ 9ಕ್ಕೆ ಮುಗಿಯಿತು. ಡಿಸೆಂಬರ್ 10ರಿಂದ ಮಾರ್ಚ್ 31ರ ವರೆಗಿನ 112 ದಿನಗಳು ಹುತ್ತೂರಿಗೆ ಬೆಳಗಾಗಲೇ ಇಲ್ಲ. ಬಲತುದಿಯಲ್ಲಿದ್ದ ಮೊತ್ತದ ಕಾಲಂ ಕೂಡ ಅವುಗಳ ಜೊತೆಯಲ್ಲಿಯೇ ಹೋಯಿತು. ಅದೊಂದು ಉಳಿದಿದ್ದರೆ ದಿನಗಳಿಗೂ ಮೊತ್ತಕ್ಕೂ ತಾಳೆಯಾಗದೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಕಛೇರಿಯವರು ಮೊತ್ತ ಹಾಕಿಲ್ಲವೆಂದು ಗೊಣಗಿಕೊಂಡು, ಇದ್ದಷ್ಟನ್ನು ತಾವೇ ಕೂಡಿಕೊಂಡು, ಯಾರಿಗೆ ಎಷ್ಟು ರೂಪಾಯಿ ಎಂದು ಪಟ್ಟಿ ಮಾಡಿ ಕಳುಹಿಸಿದರು. ಅದು ಡೇರಿಯ ಗೋಡೆಯ ಮೇಲೆ ಅಂಟಿತು.

ಹಂಚುವ ಹಣ ಇಷ್ಟೇ ಎಂದು ಗೊತ್ತಾಗಿರುವ ಹಣ. ಆದ್ದರಿಂದ ಒಬ್ಬರಿಗೆ ಕಡಿಮೆಯಾದದ್ದು ಇನ್ನೊಬ್ಬರಿಗೆ ಹೆಚ್ಚಾಗಲೇಬೇಕು. ಮಳೆಗಾಲದಲ್ಲಿ ಹೆಚ್ಚು ಹಾಲು ಹಾಕಿದವರಿಗೆ ನಾಲ್ಕು ಕಾಸು ಜಾಸ್ತಿ ಬಂದಿತ್ತು. ಅವರು ಪಟ್ಟಿಯನ್ನು ಒಂದು ಸಲ ಓದಿ, ಸರಿಯಾಗಿದೆ ಎಂದು ತಲೆಯಾಡಿಸಿ ಹೋದರು. ಅವರನ್ನು ನಾನು ದೂರುವುದಿಲ್ಲ. ತನಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಬಂದಾಗ ಲೆಕ್ಕ ಕೇಳುವ ಅಭ್ಯಾಸ ಮನುಷ್ಯನಿಗೆ ಇನ್ನೂ ಬಂದಿಲ್ಲ.

ಕೊನೆಯ ಮನೆಯ ಅಜ್ಜಿಯ ಹೆಸರಿನ ಮುಂದೆ ಮಾತ್ರ ಸೊನ್ನೆಯಿತ್ತು. ಅವಳಿಗೆ ಇರುವುದೊಂದು ಹಸು. ಅದು ಆ ವರ್ಷವೆಲ್ಲ ಮಣಕ. ಧನುರ್ಮಾಸದಲ್ಲಿ ಚೊಚ್ಚಲ ಕರು ಹಾಕಿತು. ಗಿಣ್ಣು ತೀರಿದ ಮೇಲೆ ಡಿಸೆಂಬರ್ 27ರಿಂದ ಹೊತ್ತು ತಪ್ಪಿಸದೆ ಡೇರಿಗೆ ಹಾಲು ಹಾಕಿದ್ದಾಳೆ. ಅವಳ ಹಾಲೆಲ್ಲ ಇರುವುದು ಆ 112 ದಿನಗಳಲ್ಲಿಯೇ. ಓದು ಬರದಿದ್ದರೂ ಅಜ್ಜಿಗೆ ಸೊನ್ನೆ ಗೊತ್ತಾಗುತ್ತದೆ. ನಾನು ಊರಿಗೆ ಹೋಗಿದ್ದ ಭಾನುವಾರ ಅವಳು ಡೇರಿಯ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಮೇಷ್ಟ್ರೇ, ಬಂದ್ರಾ? ಕೇಳಿ ನಿಮ್ಮ ಅಳಿಯನ್ನ. ಮೂರು ತಿಂಗಳು ನಾನು ಹೊತ್ತುಕೊಂಡು ಬಂದಿದ್ದು ಹಾಲಾ, ನೀರಾ?"

ಹುಡುಗನ ಮುಖ ಸಣ್ಣದಾಗಿತ್ತು. "ನನ್ನ ಹತ್ರ ಎಲ್ಲಾ ಐತೆ ಮಾವ, ನೋಡಿ ಬೇಕಾದ್ರೆ" ಎಂದು ತನ್ನ ಹಾಳೆ ತೆರೆದು ತೋರಿಸಿದ. ನಿಜ, ಅಲ್ಲಿ ಎಲ್ಲವೂ ಇತ್ತು. ಈ ವ್ಯವಹಾರದ ವಿಚಿತ್ರವೇ ಇದು. ಹಳೆಯ ನಮೂನೆಗೆ ಉಳಿಸಿದ ಮೇಲೂ ಪರದೆಯ ಮೇಲಿನ ಹಾಳೆ ಇದ್ದ ಹಾಗೆಯೇ ಇರುತ್ತದೆ. ತುಂಡಾದದ್ದು ಕಾಣಬೇಕಾದರೆ ಅದನ್ನು ಮುಚ್ಚಿ, ಉಳಿಸಿದ ಕಡತವನ್ನೇ ಮತ್ತೆ ತೆರೆದು ನೋಡಬೇಕು. ಕಳುಹಿಸುವವನ ಎದುರಿಗೆ ಪೂರ್ತಿ ಹಾಳೆ, ಪಡೆಯುವವನ ಎದುರಿಗೆ ತುಂಡು ಹಾಳೆ. ಅವನಿಗೆ ತುಂಡೆಂದು ತಿಳಿಸುವ ಗುರುತು ಅದರಲ್ಲಿ ಒಂದೂ ಇಲ್ಲ. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ನಡುವೆ ಅಜ್ಜಿ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ.

ಅವಳು ಸುಮ್ಮನೆ ಬಂದಿರಲಿಲ್ಲ. ಸೆರಗಿನ ಮರೆಯಿಂದ ಒಂದು ತಂತಿ ತೆಗೆದಳು. ಕೆಳತುದಿಯಲ್ಲಿ ಬಿಲ್ಲೆ, ಮೇಲ್ತುದಿಯಲ್ಲಿ ಕೊಕ್ಕೆ, ನಡುವೆ ಚುಚ್ಚಿಟ್ಟ ಹಾಲಿನ ಚೀಟಿಗಳು. ಹಿಂದೆ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ವಸ್ತು. ಹುಡುಗನೂ ನಾನೂ ಎಣಿಸಿದೆವು. 95 ದಿನ, ದಿನಕ್ಕೆ ಎರಡರಂತೆ 190 ಇರಬೇಕು, ಇದ್ದದ್ದು 187. ಮೂರನ್ನು ಕರು ತಿಂದಿತು ಎಂದಳು. ಯಂತ್ರದಲ್ಲಿ ಶಾಖದಿಂದ ಮೂಡುವ ಈ ಚೀಟಿಗಳ ಅಕ್ಷರ ಬಹುಕಾಲ ನಿಲ್ಲುವುದಿಲ್ಲ. ಡಿಸೆಂಬರಿನವು ಆಗಲೇ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಹುಡುಗ ಒಂದೊಂದನ್ನೂ ತನ್ನ ಫೋನಿನಲ್ಲಿ ಚಿತ್ರ ತೆಗೆದುಕೊಂಡ. ತಂತಿಯನ್ನು ಬಿಟ್ಟುಹೋಗೆಂದರೆ ಅಜ್ಜಿ ಒಪ್ಪಲಿಲ್ಲ.

ಕಛೇರಿಗೆ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟರಿಗೆ ಊರಿನಲ್ಲಿ ಉಳಿದಿರುವ ಉಪಯೋಗ ಅದೊಂದೇ. "ದಿನಾಂಕ 10-12ರಿಂದ 31-3ರ ವರೆಗಿನ ವಿವರಗಳು ಲೋಪವಾಗಿರುವುದರಿಂದ" ಎಂದು ಆರಂಭಿಸಿದೆ. ಹುಡುಗ ಕೈ ಹಿಡಿದ.

"ಲೋಪ ಅಂತ ಮಾತ್ರ ಬರೀಬೇಡಿ ಮಾವ. ಕರ್ತವ್ಯಲೋಪ ಅಂತ ನನಗೇ ನೋಟೀಸು ಬರ್ತದೆ."

ವ್ಯಾಕರಣದ ಪದ ಕಛೇರಿಗೆ ಹೋಗಿ ಯಾವ ವೇಷ ಹಾಕಿದೆ ನೋಡಿ! ಅಕ್ಷರ ಬಿದ್ದುಹೋದರೆ ಅಕ್ಷರದ್ದು ತಪ್ಪಲ್ಲ. ಕಛೇರಿಯಲ್ಲಿ ಏನು ಬಿದ್ದುಹೋದರೂ ಹತ್ತಿರ ನಿಂತಿದ್ದವನದೇ ತಪ್ಪು. ಆ ಪದವನ್ನು ಹೊಡೆದುಹಾಕಿ, "ಸೂಚಿಸಿದ ನಮೂನೆಯಲ್ಲಿ 256 ಕಾಲಂಗಳಿಗಿಂತ ಹೆಚ್ಚು ಹಿಡಿಸದೆ ಇರುವುದರಿಂದ 112 ದಿನಗಳ ವಿವರ ತಮಗೆ ತಲುಪಿರುವುದಿಲ್ಲ" ಎಂದು ಬರೆದೆ. ಕರ್ತೃವೇ ಇಲ್ಲದ ವಾಕ್ಯ. ಕಛೇರಿಗಳಿಗೆ ಅದು ಹಿತ. ಕೆಳಗೆ "ಅಡಕ: ಹಾಲಿನ ಚೀಟಿಗಳ ಛಾಯಾಪ್ರತಿ, 187" ಎಂದು ಸೇರಿಸಿದೆ. ಹಣ ಇನ್ನೂ ಹಂಚಿರಲಿಲ್ಲ, ಅದೊಂದು ಪುಣ್ಯ.

ಮೂರು ವಾರದ ಮೇಲೆ ಉತ್ತರ ಬಂತು. ಮನವಿಯನ್ನು ಪರಿಶೀಲಿಸಲಾಗಿದೆ, ಪರಿಷ್ಕೃತ ಪಟ್ಟಿಯನ್ನು ಕೂಡಲೇ ಕಳುಹಿಸತಕ್ಕದ್ದು. ನಮೂನೆ, ಎಕ್ಸೆಲ್ 97-2003.

ಹುಡುಗ ಈ ಸಲ ಹಾಳೆಯನ್ನು ತಿರುಗಿಸಿದ. ದಿನಗಳನ್ನು ಕೆಳಕ್ಕೆ ಇಳಿಸಿ ಹೆಸರುಗಳನ್ನು ಮೇಲಕ್ಕೆ ಏರಿಸಿದ: 365 ಸಾಲು, ತಾರೀಖಿಗೊಂದು ಸೇರಿ 141 ಕಾಲಂ. ಅನುಷ್ಟುಪ್ಪಿನಲ್ಲಿ ಹಿಡಿಸಿ ಇನ್ನೂ ಜಾಗ ಮಿಕ್ಕಿತು. ಮೊತ್ತವನ್ನು ಕೊನೆಗಿಡದೆ ಎಲ್ಲಕ್ಕೂ ಮೇಲೆ, ಹೆಸರಿನ ಕೆಳಗೇ ಇಟ್ಟ. ಮುಂದೆ ಏನಾದರೂ ತುಂಡಾದರೆ ಮೊತ್ತಕ್ಕೂ ದಿನಗಳಿಗೂ ಜಗಳವಾಗಿ ಎಲ್ಲರಿಗೂ ಗೊತ್ತಾಗಲಿ ಎಂದು. ಉಳಿಸಿದ, ಮುಚ್ಚಿದ, ಉಳಿಸಿದ್ದನ್ನೇ ಮತ್ತೆ ತೆರೆದ. ಅಜ್ಜಿಯ ಕಾಲಂನಲ್ಲಿ ಡಿಸೆಂಬರ್ 26ರ ವರೆಗೆ ಬರಿದು, ಆಮೇಲೆ 95 ದಿನ ತುಂಬಿದ ಮನೆಗಳು, ತಲೆಯಲ್ಲಿ ಮೊತ್ತ 812 ಲೀಟರು. ಅಜ್ಜಿಗೆ ಓದಿ ಹೇಳಿದ. "ಇನ್ನೊಂದು ಸಲ ಮುಚ್ಚಿ ತೆಗೆಯಪ್ಪ" ಎಂದಳು. ಮುಚ್ಚಿ ತೆಗೆದ. 812 ಹಾಗೆಯೇ ಇತ್ತು. ಅನಂತರ ಕಳುಹಿಸಿದ.